ಬಲ್ಬಿನ ಕಂಪನಿಯ ಸಾಲದ ಲೆಕ್ಕ

ಜನರಲ್ ಎಲೆಕ್ಟ್ರಿಕ್ ಎಂದೊಡನೆ ಥಾಮಸ್ ಎಡಿಸನ್ ನೆನಪಾಗುವುದು ವಾಡಿಕೆ. ಆದರೆ 1892ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಬೆಂಬಲದಿಂದ ಎಡಿಸನ್ ಜನರಲ್ ಎಲೆಕ್ಟ್ರಿಕ್ ಮತ್ತು ಥಾಮ್ಸನ್-ಹ್ಯೂಸ್ಟನ್ ಕಂಪನಿಗಳು ಒಂದಾದಾಗ, ಹೊಸ ಕಂಪನಿಯ ಹೆಸರಿನಿಂದ ಎಡಿಸನ್ ಬಿಟ್ಟುಹೋದರು. ಅಧ್ಯಕ್ಷ ಗಾದಿಗೆ ಬಂದವರು ಚಾರ್ಲ್ಸ್ ಕಾಫಿನ್. ಎಂಜಿನಿಯರೂ ಅಲ್ಲ, ವಿಜ್ಞಾನಿಯೂ ಅಲ್ಲ. ಮ್ಯಾಸಚೂಸೆಟ್ಸ್‌ನ ಲಿನ್ ಊರಿನಲ್ಲಿ ಶೂ ವ್ಯಾಪಾರ ಮಾಡಿಕೊಂಡಿದ್ದವರು.

ಈ ಕಂಪನಿಯ ಚರಿತ್ರೆಯನ್ನು ಬಲ್ಬಿಗಿಂತ ಸಾಲದ ಪುಸ್ತಕ ಚೆನ್ನಾಗಿ ಹೇಳುತ್ತದೆ. ಅಮೆರಿಕದಲ್ಲಿ ಊರೂರಿಗೆ ವಿದ್ಯುತ್ ಕಂಪನಿಗಳು ತಲೆಯೆತ್ತುತ್ತಿದ್ದ ಕಾಲವದು. ಜನರೇಟರ್ ಕೊಳ್ಳಲು ಅವುಗಳ ಕೈಯಲ್ಲಿ ನಗದಿರಲಿಲ್ಲ. ಹಣದ ಬದಲು ಅವುಗಳ ಷೇರು, ಬಾಂಡುಗಳನ್ನೇ ಪಡೆದು ಯಂತ್ರ ಕೊಡುವುದು ಥಾಮ್ಸನ್-ಹ್ಯೂಸ್ಟನ್ ರೂಢಿಯಾಗಿತ್ತು. 1893ರ ಆರ್ಥಿಕ ಕುಸಿತದಲ್ಲಿ ಆ ಕಾಗದಗಳನ್ನು ಕೇಳುವವರೇ ಇಲ್ಲವಾದರು. ಮುಳುಗುವ ಹಂತಕ್ಕೆ ಬಂದ ಜನರಲ್ ಎಲೆಕ್ಟ್ರಿಕ್ ಅವನ್ನು ಸಿಕ್ಕಿದ ಬೆಲೆಗೆ ತನ್ನ ಷೇರುದಾರರಿಗೇ ಮಾರಿ ಉಸಿರಾಡಿತು.

ಹತ್ತು ವರ್ಷದೊಳಗೆ ಅದೇ ಕಂಪನಿ ಮೈಸೂರಿಗೆ ಬಂತು. ಕೋಲಾರದ ಚಿನ್ನದ ಗಣಿಗಳಿಗೆ ಕಾವೇರಿಯ ಶಕ್ತಿ ಕೊಡುವ ಯೋಜನೆಯ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ಇದ್ದರು. ಶಿವನಸಮುದ್ರಕ್ಕೆ ನೀರಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ, ವಿದ್ಯುತ್ ಯಂತ್ರಗಳು ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು. ಭಾರದ ಬಿಡಿಭಾಗಗಳನ್ನು ನದಿಯ ತನಕ ಎಳೆದದ್ದು ಎತ್ತು, ಆನೆಗಳು! 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದ ವಿದ್ಯುತ್ತು ಗಣಿ ತಲುಪಿತು. ಅಷ್ಟು ಉದ್ದದ ಮಾರ್ಗಗಳು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಬೆಂಗಳೂರಿನ ಬೀದಿಗಳಿಗೆ ಅದೇ ಬೆಳಕು ಸಿಕ್ಕಿದ್ದು 1905ರಲ್ಲಿ. ಚಿನ್ನಕ್ಕೆ ಮೊದಲ ಪಾಲು, ಊರಿಗೆ ಆಮೇಲೆ.

ಸಂಶೋಧನೆಯಲ್ಲೂ ಕಂಪನಿ ಹಿಂದೆ ಬೀಳಲಿಲ್ಲ. ಸ್ಕೆನೆಕ್ಟಡಿಯಲ್ಲಿ 1900ರಲ್ಲಿ ಶುರುವಾದ ಪ್ರಯೋಗಾಲಯದಲ್ಲಿ ಕೂಲಿಜ್ ಟಂಗ್‌ಸ್ಟನ್ನನ್ನು ತಂತಿಯಾಗಿ ಎಳೆಯುವ ಬಗೆ ಕಂಡುಕೊಂಡರು. ಅಲ್ಲಿಯವರೇ ಆದ ಲ್ಯಾಂಗ್ಮ್ಯೂರ್‌ಗೆ 1932ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಣದ ವ್ಯವಹಾರ ಮಾತ್ರ ಕೊರಳಿಗೆ ಸುತ್ತಿಕೊಂಡೇ ಇತ್ತು. 1981ರಿಂದ 2001ರ ತನಕ ಆಳಿದ ಜ್ಯಾಕ್ ವೆಲ್ಚ್ ಕಾಲದಲ್ಲಿ ಸಾಲ ಕೊಡುವ ಅಂಗಸಂಸ್ಥೆ ಜಿಇ ಕ್ಯಾಪಿಟಲ್ ದೈತ್ಯವಾಗಿ ಬೆಳೆಯಿತು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2000ರಲ್ಲಿ ತೆರೆದ ಸಂಶೋಧನಾ ಕೇಂದ್ರಕ್ಕೆ ವೆಲ್ಚ್ ಹೆಸರೇ ಇದೆ. ಮುಂದೆ 2008ರ ಬಿಕ್ಕಟ್ಟಿನಲ್ಲಿ ಇದೇ ಕ್ಯಾಪಿಟಲ್ ಇಡೀ ಕಂಪನಿಯನ್ನು ನಡುಗಿಸಿತು. ವಾರೆನ್ ಬಫೆಟ್ ಕಡೆಯಿಂದ 300 ಕೋಟಿ ಡಾಲರ್ ತರಬೇಕಾಯಿತು. 1893ರ ಕುಸಿತದಲ್ಲಿ ಕಾಫಿನ್ ಕಲಿತ ಪಾಠ ಒಂದು ಶತಮಾನದಲ್ಲಿ ಕಂಪನಿಗೆ ಮರೆತೇಹೋಗಿತ್ತು ಎನ್ನದೆ ವಿಧಿಯಿಲ್ಲ.

ಡೌ ಜೋನ್ಸ್ ಸೂಚ್ಯಂಕದ 1896ರ ಮೂಲ ಸದಸ್ಯನಾಗಿದ್ದ ಕಂಪನಿ 2018ರಲ್ಲಿ ಅದರಿಂದ ಹೊರಬಿತ್ತು. 2023ರಲ್ಲಿ ವೈದ್ಯಕೀಯ ಉಪಕರಣಗಳ ವಿಭಾಗ, 2024ರ ಏಪ್ರಿಲ್ 2ರಂದು ವಿದ್ಯುತ್ ವಿಭಾಗ ಬೇರೆಯಾದವು. ಟರ್ಬೈನು, ಗ್ರಿಡ್ಡುಗಳೆಲ್ಲ ಈಗ ಜಿಇ ವರ್ನೋವಾ ಪಾಲು. ಜನರಲ್ ಎಲೆಕ್ಟ್ರಿಕ್ ಎಂಬ ಕಾನೂನುಬದ್ಧ ಹೆಸರು ಉಳಿದಿರುವುದು ವಿಮಾನದ ಎಂಜಿನ್ ತಯಾರಿಸುವ ಕಂಪನಿಗೆ.