ಸರಗೋಧಾದಿಂದ ಮರಳದ ದೇವಯ್ಯ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆದುಕೊಡು ಎಂದು ನಮ್ಮ ಸಮಾಜ ವಿಜ್ಞಾನದ ಗುರುಗಳು ಫೋನ್ ಮಾಡಿದಾಗ ಮೊದಲು ನೆನಪಾದದ್ದು ಮಳಖೇಡ. ಆದರೆ ರಾಷ್ಟ್ರಕೂಟರ ಬಗ್ಗೆ ನನಗಿಂತ ಬಲ್ಲವರು ಸೇಡಂನಲ್ಲಿ ಬಹಳ ಮಂದಿ ಇದ್ದಾರೆ. ಊರಿಗೆ ಬಂದಾಗಲೆಲ್ಲ ವಾಡಿ ಜಂಕ್ಷನ್ನಿನಲ್ಲಿ ಚಿತ್ತಾಪುರ, ಚಿಂಚೋಳಿ ಕಡೆಯ ಹುಡುಗರು ಸೇನಾ ಭರ್ತಿಗೆಂದು ಚೀಲ ಹಿಡಿದು ರಾತ್ರಿ ಗಾಡಿಗೆ ಕಾಯುವುದನ್ನು ನೋಡುತ್ತೇನೆ. ಅವರನ್ನು ನೆನೆದು ಕೊಡಗಿನ ಒಬ್ಬ ಯೋಧನ ಸಂಗತಿ ಬರೆಯುತ್ತಿದ್ದೇನೆ.

ಅಜ್ಜಮಾಡ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಬೋಧಕರಾಗಿದ್ದರು. ಅಂದರೆ ಅವರೂ ಒಬ್ಬ ಮೇಷ್ಟ್ರು. 1965ರ ಯುದ್ಧ ಶುರುವಾದಾಗ ಪಂಜಾಬಿನ ಆದಂಪುರದಲ್ಲಿ 1ನೇ ಸ್ಕ್ವಾಡ್ರನ್ನಿನಲ್ಲಿದ್ದರು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನ ಪಠಾಣ್‌ಕೋಟ್ ನೆಲೆಯ ಮೇಲೆ ವಾಯುದಾಳಿ ಮಾಡಿತು. ಮರುದಿನ ಬೆಳಕು ಹರಿಯುವ ಮೊದಲೇ ನಮ್ಮ ವಿಮಾನಗಳು ಸರಗೋಧಾ ಕಡೆ ಹೊರಟವು. ಸರಗೋಧಾ ಅವರ ಅತಿ ದೊಡ್ಡ ವಾಯುನೆಲೆ. ನಮ್ಮ ಫ್ರೆಂಚ್ ಮಿಸ್ಟೇರ್ ವಿಮಾನಗಳಿಗೆ ಅಷ್ಟು ದೂರ ಹೋಗಿ ಬರಲು ಇಂಧನ ಅಳೆದು ಸುರಿದ ಹಾಗೆ ಇತ್ತು. ದಾರಿಯಲ್ಲಿ ಕಾದಾಟಕ್ಕೆ ನಿಂತರೆ ಮನೆ ಸೇರುವುದು ಕಷ್ಟ. ದೇವಯ್ಯನವರ ಹೆಸರು ಇದ್ದದ್ದು ಮೀಸಲು ಪಟ್ಟಿಯಲ್ಲಿ. ಆದರೂ ಅವರು ದಾಳಿಗೆ ಹೋದರು.

ಅಲ್ಲಿ ಎದುರಾದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಶಬ್ದದ ವೇಗ ದಾಟುತ್ತಿದ್ದದ್ದು ಕೆಳಮುಖವಾಗಿ ಧುಮುಕಿದರೆ ಮಾತ್ರ. ಸ್ಟಾರ್‌ಫೈಟರ್ ನಡೆಸುತ್ತಿದ್ದವರು ಅಮ್ಜದ್ ಹುಸೇನ್. ಅವರ ಗುಂಡು ದೇವಯ್ಯನವರ ವಿಮಾನಕ್ಕೆ ತಗುಲಿತು. ಇದು ಮುಗಿಯಿತು ಎಂದುಕೊಂಡು ಹುಸೇನ್ ಮುಂದೆ ಹೋದರು. ಮುಗಿದಿರಲಿಲ್ಲ. ಏಟು ತಿಂದ ಅದೇ ವಿಮಾನದಲ್ಲಿ ದೇವಯ್ಯ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಹೊಡೆದರು. ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಉಳಿದರು. ದೇವಯ್ಯ ಉಳಿಯಲಿಲ್ಲ. ಅವರಿಗೆ ಆಗ 32 ವರ್ಷ, ಇದನ್ನು ಬರೆಯುತ್ತಿರುವ ನನಗಿಂತ ಚಿಕ್ಕವರು.

ಜೊತೆಗೆ ಹೋದವರಾರೂ ಇದನ್ನು ಕಂಡಿರಲಿಲ್ಲ. ಆದಂಪುರದ ದಾಖಲೆಯಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಮಾತು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಕಾಣೆಯಾದವನಿಗೆ ಎಷ್ಟು ಹಾರಿಸಬೇಕು? ಶವವಿಲ್ಲ, ಸುದ್ದಿಯಿಲ್ಲ; ಪತ್ನಿ ಸುಂದರಿ ಆ ಒಂದು ಮಾತನ್ನು ಹಿಡಿದುಕೊಂಡೇ ಮಕ್ಕಳನ್ನು ಬೆಳೆಸಬೇಕಾಯಿತು. ಯುದ್ಧದ ಲೆಕ್ಕ ಬರೆಯುವ ಪುಸ್ತಕಗಳು ಈ ವರ್ಷಗಳನ್ನು ಎಣಿಸುವುದಿಲ್ಲ.

ನನ್ನದು ಸಾಫ್ಟ್‌ವೇರ್ ಕೆಲಸ. ಎರಡು ಕಂಪ್ಯೂಟರುಗಳ ನಡುವೆ ಏನೋ ಎಡವಟ್ಟಾದರೆ ನಾವು ಎರಡೂ ಕಡೆಯ ಲಾಗ್ ತೆಗೆದು ನೋಡುತ್ತೇವೆ, ಒಂದು ಕಡೆ ಇಲ್ಲದ್ದು ಇನ್ನೊಂದು ಕಡೆ ಸಿಗುತ್ತದೆ. ಇಲ್ಲೂ ಹಾಗೇ ಆಯಿತು. ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಮಾಹಿತಿ ಪಡೆದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಒಂದು ಪುಸ್ತಕ ತಂದರು. ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂಬುದು ಅದರಲ್ಲಿತ್ತು. ಆ ದಿನ ಮರಳದೆ ಉಳಿದ ಮಿಸ್ಟೇರ್ ಯಾರದ್ದೆಂದು ಹಳೆಯ ದಳಪತಿ ಓ. ಪಿ. ತನೇಜಾ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸತ್ಯವನ್ನು ಶತ್ರುವಿನ ಕಡೆಯಿಂದ ತಿಳಿಯಬೇಕಾಯಿತಲ್ಲ ಎಂದು ಬೇಸರವಾಗುತ್ತದೆ. ಮುಚ್ಚಿಡದೆ ಹೇಳಿದರಲ್ಲ ಎಂದು ಗೌರವವೂ ಮೂಡುತ್ತದೆ.

ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಮೇಲೆ. ಅದನ್ನು ಸುಂದರಿಯವರು ಸ್ವೀಕರಿಸಿದರು. 2025ರ ಜನವರಿಯಲ್ಲಿ ಈ ಕಥೆಯನ್ನು ಆಧರಿಸಿದ ‘ಸ್ಕೈ ಫೋರ್ಸ್’ ಹಿಂದಿ ಸಿನಿಮಾ ಬಂತು. ಅದರಲ್ಲಿ ಹೆಸರುಗಳು ಬೇರೆ. ದೇವಯ್ಯನವರ ದೇಹ ಹೊಲದಲ್ಲಿ ಸಿಕ್ಕಿತೆಂದೂ ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರೆಂದೂ ವರದಿಗಳಿವೆ. ಅವರು ಇನ್ನೂ ಗಡಿಯ ಆಚೆಯೇ ಇದ್ದಾರೆ.