ಅಹ್ಮದ್ ಖಾನ್: ನಮ್ಮವರಾಗೋ ಹೊತ್ತಿಗೆ ತಡ ಆಗಿತ್ತು

ಇವತ್ತಿನ ಕಂತು ಒಬ್ಬ ಫುಟ್‌ಬಾಲ್ ಆಟಗಾರರ ಬಗ್ಗೆ. ಹೆಸರು ಅಹ್ಮದ್ ಖಾನ್, 1926ರ ಡಿಸೆಂಬರ್ 24ರಂದು ಬೆಂಗಳೂರಲ್ಲಿ ಹುಟ್ಟಿದವರು. ಕೋಲ್ಕತ್ತದ ಹಳೇ ಈಸ್ಟ್ ಬೆಂಗಾಲ್ ಅಭಿಮಾನಿಗಳಿಗೆ ಈ ಹೆಸರು ಹೇಳಿದ್ರ ಕಣ್ಣು ಅರಳ್ತಾವ. ಕಲಬುರಗಿಯ ಸೂಪರ್ ಮಾರ್ಕೆಟ್‌ನಾಗ ಕೇಳಿದ್ರ, "ಯಾರ್ರೀ ಅವರು?" ಅಂತಾರ. ಅದೇ ರಾಜ್ಯ, ಅದೇ ಭಾಷೆ, ಆದ್ರೂ ನಮಗೆ ಗೊತ್ತಿಲ್ಲ. ಯಾಕ?

1948ರ ಜುಲೈ 31ಕ್ಕೆ ಹೋಗೋಣ. ಲಂಡನ್ ಒಲಿಂಪಿಕ್ಸ್, ಭಾರತ–ಫ್ರಾನ್ಸ್ ಪಂದ್ಯ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ರು. ಅವರಲ್ಲಿ 21 ವರ್ಷದ ಅಹ್ಮದ್ ಒಬ್ಬರು. ಸಾರಂಗಪಾಣಿ ರಾಮನ್ ಗೋಲು ಹೊಡೆದರು, ಆದ್ರ ಎರಡು ಪೆನಾಲ್ಟಿ ತಪ್ಪಿದವು, ಕೊನೇ ಗಳಿಗೆಯಲ್ಲಿ 2–1ರಿಂದ ಸೋತರು.

ಆ ದಿನ ಕಲಬುರಗಿ, ಕಮಲಾಪುರ ಎರಡೂ ಭಾರತದೊಳಗೆ ಇರಲಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನ, ಮೇಲೆ ರಜಾಕಾರರ ಕಾಟ. ನಮಗೆ ಬಿಡುಗಡೆ ಸಿಕ್ಕಿದ್ದು ಸೆಪ್ಟೆಂಬರ್ 17ಕ್ಕೆ. ಅಂದ್ರ ಲಂಡನ್ನಿನಲ್ಲಿ ಆಡಿದ್ದು ಲೆಕ್ಕದ ಪ್ರಕಾರ ನಮ್ಮ ಟೀಮೇ ಅಲ್ಲ!

1949ರಲ್ಲಿ ಅಹ್ಮದ್ ಈಸ್ಟ್ ಬೆಂಗಾಲ್ ಸೇರಿದರು. ದೇಶ ವಿಭಜನೆಯಲ್ಲಿ ಮನೆಮಠ ಕಳಕೊಂಡು ಬಂದ ಸಾವಿರಾರು ಜನ ತಮ್ಮದು ಅಂತ ಅಪ್ಪಿಕೊಂಡಿದ್ದ ಕ್ಲಬ್ಬದು. ಅದರ ಮುಂಚೂಣಿಯಲ್ಲಿ ಐವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು. ಬಂಗಾಳಿಗಳು ಅವರನ್ನ 'ಪಂಚ ಪಾಂಡವರು' ಅಂದ್ರು. 1949, 50, 51, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಸೋಲಿಸಿ ಚಿನ್ನ ತಂದ ಭಾರತ ತಂಡದಲ್ಲೂ ಅಹ್ಮದ್ ಇದ್ರು.

ಹಂಗಾದ್ರ ಆಗ ನಮ್ಮವರ ಟೀಮು ಯಾವುದು? ನಾವಿದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಆ ರಾಜ್ಯದ ದೊಡ್ಡ ತಂಡ ಹೈದರಾಬಾದ್ ಸಿಟಿ ಪೊಲೀಸ್, ಕೋಚ್ ಸೈಯದ್ ಅಬ್ದುಲ್ ರಹೀಂ. 1950ರಿಂದ 54ರ ತನಕ ಐದು ಸಲ ರೋವರ್ಸ್ ಕಪ್ ಬಿಡದೇ ಗೆದ್ದವರು. 1952ರ ಡುರಾಂಡ್ ಫೈನಲ್‌ನಲ್ಲಿ ಈ ತಂಡವನ್ನ ಸೋಲಿಸಿದ್ದು ಯಾರು ಗೊತ್ತೇನು? ಇದೇ ಅಹ್ಮದ್ ಆಡ್ತಿದ್ದ ಈಸ್ಟ್ ಬೆಂಗಾಲ್. ನಮ್ಮ ಭಾಗದವರಿಗೆ ಅವರು ಎದುರಾಳಿ ಕಡೆಯವರು.

ಅದೇ 1952ರ ಜುಲೈನಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ವಿರುದ್ಧ 10–1 ಸೋಲು. ಕಮಲಾಪುರದ ಹೊಲದ ಬದಿ ಬರಿಗಾಲಲ್ಲಿ ಆಡಿದವರಿಗೆ ಗೊತ್ತಿರ್ತದ: ಚೆಂಡು ಬೆರಳಿಗೆ ಅಂಟಿದಂಗೆ ಮಾತು ಕೇಳ್ತದ, ಆದ್ರ ನೆಲ ಒಣಗಿರಬೇಕು. ಫಿನ್‌ಲೆಂಡಿನ ಚಳಿಯ ಹುಲ್ಲಿನ ಮೇಲೆ ಅದು ನಡೀಲಿಲ್ಲ. ಭಾರತದ ಆ ಒಂದೇ ಗೋಲು ಅಹ್ಮದ್ ಖಾನ್ ಅವರದ್ದು. ಈ ಸೋಲಿನ ನಂತರ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಒಂದು ಇಡೀ ಆಟದ ಶೈಲಿ ಅಲ್ಲಿಗೆ ಮುಗೀತು.

ನಾನು ಓದಿದ್ದು ಬಿ.ಕಾಂ., ಅದಕ್ಕೇ ಹೊಟ್ಟೆಪಾಡಿನ ಲೆಕ್ಕ ಕೇಳ್ತೀನಿ. ಆಗ ದೇಶದಲ್ಲಿ ವೃತ್ತಿಪರ ಲೀಗ್ ಇರಲಿಲ್ಲ. ಹೈದರಾಬಾದಿನವರಿಗೆ ಪೊಲೀಸ್ ನೌಕರಿ ಇತ್ತು, ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೂ ಒಂದು ತಂಡ ಇತ್ತು. ದೊಡ್ಡ ಹೆಸರು ಬೇಕಂದ್ರ ಮಾತ್ರ ಕೋಲ್ಕತ್ತಕ್ಕೆ ಹೋಗಬೇಕು. ಅಹ್ಮದ್ ಹೋದ್ರು, ಹೆಸರೂ ಅಲ್ಲೇ ಉಳೀತು.

1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯ ಸೇರಿತು. ಅಹ್ಮದ್ ಖಾನ್ ಮತ್ತು ನಾವು ಒಂದೇ ರಾಜ್ಯದವರಾದೆವು. ಆದ್ರ ಅಷ್ಟೊತ್ತಿಗೆ ಅವರ ಆಟದ ಮಧ್ಯಾಹ್ನ ಕಳೆದು ಸಂಜೆ ಆಗಿತ್ತು. ಗಡಿ ಒಂದೇ ರಾತ್ರಿಯಲ್ಲಿ ಬದಲಾಗ್ತದ, ನೆನಪು ಬದಲಾಗಲ್ಲ. ಅವರು ತೀರಿಕೊಂಡಿದ್ದು 2017ರ ಆಗಸ್ಟ್‌ನಲ್ಲಿ, ಬೆಂಗಳೂರಲ್ಲೇ. ನಮ್ಮೆಲ್ಲರ ಕೈಗೆ ಸ್ಮಾರ್ಟ್‌ಫೋನ್ ಬಂದಿತ್ತು. ಹೋಗಿ ಒಂದು ತಾಸು ಅವರ ಮಾತು ರೆಕಾರ್ಡ್ ಮಾಡಿಕೊಳ್ಳೋದು ಕಷ್ಟ ಇರಲಿಲ್ಲ.

ನಿಮ್ಮನೆಯಲ್ಲಿ ಎಂಬತ್ತು ದಾಟಿದ ಮುತ್ಯಾ ಇದ್ರ ಇವತ್ತು ಸಂಜೆ ಕೇಳ್ರಿ: ಆಗ ನೀವು ಯಾವ ಟೀಮಿನ ಕಡೆ ಇದ್ರಿ? ಉತ್ತರ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸ್ರಿ. ಮುಂದಿನ ಕಂತಿನಲ್ಲಿ ಸಿಗೋಣ.