ಕ್ಯಾನ್ಸರಿನಲ್ಲಿ ಕರಗುವ ಮೈ: ಒಂದು ಸಂಶೋಧನಾ ಕ್ಷೇತ್ರದ ಸಮೀಕ್ಷೆ

ಪಾನ್ಸೆಗ್ರೊಮ್ಯಾಬ್ ಎಂಬ ಪ್ರತಿಕಾಯ ಔಷಧದ ಪ್ರಯೋಗಫಲ 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದಂದಿನಿಂದ, ಕ್ಯಾನ್ಸರ್ ರೋಗಿಗಳು ಕೃಶವಾಗುವುದರ ಕುರಿತ ಬರಹಗಳೆಲ್ಲ ಜಿಡಿಎಫ್-15 ಎಂಬ ಒಂದೇ ಪ್ರೋಟೀನಿನ ಸುತ್ತ ತಿರುಗುತ್ತಿವೆ. ಸಮಸ್ಯೆಯ ಬೇರು ಕೊನೆಗೂ ಕೈಗೆ ಸಿಕ್ಕಿತೆಂಬ ಈ ಧಾಟಿಯನ್ನು ಕ್ಷೇತ್ರದ ಹಿಂದಿನ ನಡೆಯನ್ನು ಬಲ್ಲವರು ಒಮ್ಮೆ ಕೇಳಿಯಾಗಿದೆ. ಆಗ ಪ್ರೋಟೀನಿನ ಹೆಸರು ಮಾತ್ರ ಬೇರೆಯಿತ್ತು. ಕ್ಯಾಕೆಕ್ಸಿಯ ಎಂದು ವೈದ್ಯಶಾಸ್ತ್ರ ಕರೆಯುವ ಈ ಸ್ಥಿತಿಯಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ ಮತ್ತು ಆಹಾರವನ್ನಷ್ಟೇ ಹೆಚ್ಚಿಸಿದರೆ ಕಳೆದುಹೋದದ್ದು ಪೂರ್ತಿಯಾಗಿ ಮರಳುವುದಿಲ್ಲ. ಉಪವಾಸವಿರುವ ಆರೋಗ್ಯವಂತನ ದೇಹ ಕೆಲವು ದಿನಗಳಲ್ಲಿ ಕೊಬ್ಬನ್ನು ಉರಿಸಲು ಹೊಂದಿಕೊಂಡು ಸ್ನಾಯುವನ್ನು ಕಾಯ್ದುಕೊಳ್ಳುವುದರಿಂದ, ಇವೆರಡನ್ನೂ ಒಂದೇ ಎಂದು ತಿಳಿಯುವುದು ಸರಿಯಲ್ಲ.

ರೋಗಿಯ ಮೈ ಕರಗುವುದನ್ನು ಹಿಪಾಕ್ರಟೀಸನ ಪರಂಪರೆಯ ವೈದ್ಯರೇ ಗುರುತಿಸಿದ್ದರೂ ಲೆಕ್ಕ ಆರಂಭವಾದದ್ದು 20ನೆಯ ಶತಮಾನದಲ್ಲಿ. 1932ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಶೀಲ್ಡ್ಸ್ ವಾರನ್ 500 ಕ್ಯಾನ್ಸರ್ ರೋಗಿಗಳ ಮರಣೋತ್ತರ ಪರೀಕ್ಷೆಗಳನ್ನು ಪರಿಶೀಲಿಸಿ, ಸುಮಾರು ಐದನೆಯ ಒಂದು ಪಾಲಿನಲ್ಲಿ ಸಾವಿನ ನೇರ ಕಾರಣ ಕ್ಯಾಕೆಕ್ಸಿಯ ಎಂದು ದಾಖಲಿಸಿದರು. ಅಭಿಧಮನಿಯ ಮೂಲಕ ಪೂರ್ಣ ಆಹಾರ ಕೊಡುವ ವಿಧಾನ ಬಂದಾಗ ಹಸಿವಿನ ಸಮಸ್ಯೆ ಬಗೆಹರಿಯಿತೆಂದು ಅನೇಕರು ಭಾವಿಸಿದರಾದರೂ, ಕೀಮೋಥೆರಪಿ ಪಡೆಯುವವರಿಗೆಲ್ಲ ಅದನ್ನು ವಾಡಿಕೆಯಾಗಿ ಕೊಡಬಾರದೆಂದು 1989ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಹೇಳಬೇಕಾಯಿತು. ದೇಹದಲ್ಲಿ ಹೊಸದಾಗಿ ಸಕ್ಕರೆ ತಯಾರಾಗುವುದನ್ನು ತಡೆಯುವ ಹೈಡ್ರಜೀನ್ ಸಲ್ಫೇಟಿನ ಪ್ರಚಾರವೂ 1994ರ ಪ್ರಯೋಗಗಳೊಂದಿಗೆ ಮುಗಿಯಿತು. ಈ ಅವಧಿಯಲ್ಲಿ ಉಳಿದು ನಿಲ್ಲುವ ಕೆಲಸವೆಂದರೆ ವಿಲಿಯಂ ಡಿವೈಸ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ 3,047 ರೋಗಿಗಳ ಅಧ್ಯಯನ. ಚಿಕಿತ್ಸೆಗೆ ಮುನ್ನವೇ ತೂಕ ಇಳಿದಿದ್ದವರು ಬೇಗ ಸಾಯುತ್ತಾರೆಂಬುದನ್ನು ಅದು ತೂಕದ ಯಂತ್ರಕ್ಕಿಂತ ದುಬಾರಿಯಾದ ಯಾವ ಉಪಕರಣವೂ ಇಲ್ಲದೆ ತೋರಿಸಿಕೊಟ್ಟಿತು.

ಅಣುವಿನ ಬೇಟೆ ಮೊದಲಾದದ್ದು ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದಲ್ಲಿ. ಟ್ರಿಪನೊಸೋಮ್ ಪರಾವಲಂಬಿ ತಗಲಿದ ಮೊಲಗಳು ಮೈಯಲ್ಲಿ ಪರಾವಲಂಬಿಗಳು ವಿರಳವಾಗಿದ್ದರೂ ಸೊರಗಿ ಹೋಗುವುದನ್ನು ಕಂಡ ಆಂಥನಿ ಸೆರಾಮಿ, ಬ್ರೂಸ್ ಬಾಯ್ಟ್ಲರ್ ಮೊದಲಾದವರೊಂದಿಗೆ ಅದಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿ ಕ್ಯಾಕೆಕ್ಟಿನ್ ಎಂದು ಹೆಸರಿಟ್ಟರು. ಗೆಡ್ಡೆಯನ್ನು ಕೊಳೆಸುವ ಗುಣದಿಂದ ಆಗಲೇ ಪರಿಚಿತವಾಗಿದ್ದ ಟಿಎನ್ಎಫ್ ಇದೇ ಎಂದು 1985ರಲ್ಲಿ ಸ್ಪಷ್ಟವಾಯಿತು. ಇಲಿಗಳಲ್ಲಿ ಎಲ್ಲವೂ ಹೊಂದಿಕೊಂಡವು. ಟಿಎನ್ಎಫ್ ಅನ್ನು ತಡೆಯುವ ಔಷಧಗಳನ್ನು ಮುಂದೆ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದಾಗ ಮಾತ್ರ ಇಳಿದ ತೂಕ ಏರಲಿಲ್ಲ. ಸಂಧಿವಾತದ ಚಿಕಿತ್ಸೆಯನ್ನೇ ಬದಲಿಸಿದ ಆ ಔಷಧಗಳು ಯಾವ ರೋಗದ ಹೆಸರು ಹೊತ್ತು ಹುಟ್ಟಿದ ಅಣುವಿನ ವಿರುದ್ಧ ತಯಾರಾದವೋ ಅದೇ ರೋಗದಲ್ಲಿ ಕೈಕೊಟ್ಟವು.

ಇದಕ್ಕಿಂತ ಗಟ್ಟಿಯಾದ ನೆಲದ ಮೇಲೆ ನಿಂತದ್ದು ಸ್ನಾಯುವಿನೊಳಗಿನ ಪ್ರೋಟೀನ್ ಹೇಗೆ ಒಡೆಯುತ್ತದೆಂದು ಕೇಳಿದವರ ಕೆಲಸ. ತ್ಯಾಜ್ಯವಾಗಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ, ಅದನ್ನು ಪ್ರೋಟಿಯಾಸೋಮ್ ಎಂಬ ಕಣರಚನೆಯಲ್ಲಿ ಕತ್ತರಿಸುವ ವ್ಯವಸ್ಥೆ ದೇಹದ ಜೀವಕೋಶಗಳಲ್ಲಿದೆ. ಸ್ನಾಯು ಕರಗುವಾಗ ಈ ಗುರುತನ್ನು ಅಂಟಿಸಲು ವಿಶೇಷವಾಗಿ ಹೆಚ್ಚುವ ಅಟ್ರೋಜಿನ್-1 ಮತ್ತು ಮರ್ಫ್-1 ಎಂಬ ಕಿಣ್ವಗಳನ್ನು ಹಾರ್ವರ್ಡಿನ ಆಲ್ಫ್ರೆಡ್ ಗೋಲ್ಡ್‌ಬರ್ಗ್ ಅವರ ತಂಡ ಹಾಗೂ ರೀಜೆನೆರಾನ್ ಕಂಪನಿಯ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದರು. 2010ರಲ್ಲಿ ಆಮ್ಜೆನ್ ಕಂಪನಿಯ ಎಚ್. ಕ್ಯು. ಹಾನ್ ಮತ್ತು ಸಂಗಡಿಗರು, ಸ್ನಾಯುವಿನ ಬೆಳವಣಿಗೆಯನ್ನು ತಡೆಯುವ ಸಂಕೇತಗಳನ್ನು ಗ್ರಾಹಕದ ಮಟ್ಟದಲ್ಲೇ ನಿಲ್ಲಿಸಿದಾಗ, ಗೆಡ್ಡೆ ಮೊದಲಿನಂತೆಯೇ ಬೆಳೆಯುತ್ತಿದ್ದರೂ ಇಲಿಗಳು ಹೆಚ್ಚು ಕಾಲ ಬದುಕಿದುದನ್ನು ತೋರಿಸಿದರು. ಕ್ಯಾಕೆಕ್ಸಿಯ ಕ್ಯಾನ್ಸರಿನ ನೆರಳಾಗಿರದೆ ಸ್ವತಃ ಕೊಲ್ಲುವ ರೋಗವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇರೊಂದಿಲ್ಲ. ಆದರೆ ಎರಡು ಮೂರು ವಾರಗಳಲ್ಲಿ ಮುಗಿದುಹೋಗುವ ಇಲಿಯ ರೋಗವನ್ನು ತಿಂಗಳುಗಟ್ಟಲೆ ನವೆಯುವ ಮನುಷ್ಯನ ರೋಗಕ್ಕೆ ಸಮವೆಂದು ಹಿಡಿಯುವ ರೂಢಿ ಇನ್ನೂ ಬಿಟ್ಟಿಲ್ಲ.

ಕ್ಷೇತ್ರಕ್ಕೆ ನಿಜವಾದ ಶಿಸ್ತು ತಂದವರು ದೇಹವನ್ನು ಅಳೆಯಲು ಕುಳಿತವರು. ಅವರಿಗೆ ಸಲ್ಲಬೇಕಾದ ಮನ್ನಣೆ ಇಂದಿನ ಬರಹಗಳಲ್ಲಿ ಸಿಗುತ್ತಿಲ್ಲ. ಎಡಿನ್‌ಬರೋದ ಶಸ್ತ್ರವೈದ್ಯ ಕೆನೆತ್ ಫಿಯರನ್ ಮೀನೆಣ್ಣೆಯಲ್ಲಿರುವ ಇಪಿಎ ಎಂಬ ಕೊಬ್ಬಿನಾಮ್ಲದ ಮೇಲೆ ಭರವಸೆಯಿಟ್ಟು ಪ್ರಯೋಗಗಳನ್ನು ನಡೆಸಿದರು. ದೊಡ್ಡ ಪ್ರಯೋಗಗಳಲ್ಲಿ ಸ್ಪಷ್ಟ ಲಾಭ ಕಾಣದಿದ್ದಾಗ ಅದನ್ನು ಮರೆಮಾಚದೆ ಪ್ರಕಟಿಸಿದರು. ಅವರ ಮುಂದಾಳತ್ವದಲ್ಲಿ 2011ರಲ್ಲಿ ಬಂದ ಅಂತರರಾಷ್ಟ್ರೀಯ ಒಮ್ಮತದ ವ್ಯಾಖ್ಯೆ, ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿಯುವುದನ್ನು, ಅಥವಾ ಬಿಎಂಐ 20ಕ್ಕಿಂತ ಕಡಿಮೆಯಿರುವವರಲ್ಲಿ ಇಲ್ಲವೇ ಸ್ನಾಯು ಕ್ಷೀಣಿಸಿದವರಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿಯುವುದನ್ನು ಕ್ಯಾಕೆಕ್ಸಿಯ ಎಂದು ಗುರುತಿಸಿ, ಪೂರ್ವಸ್ಥಿತಿ, ಪ್ರಕಟಸ್ಥಿತಿ, ಚಿಕಿತ್ಸೆಗೆ ಮಣಿಯದ ಸ್ಥಿತಿ ಎಂಬ ಮೂರು ಹಂತಗಳನ್ನು ಹೇಳಿತು. ಅಲ್ಲಿಯವರೆಗೆ ಒಬ್ಬೊಬ್ಬರ ಪ್ರಯೋಗದಲ್ಲಿ ಒಂದೊಂದು ಬಗೆಯ ರೋಗಿಗಳಿರುತ್ತಿದ್ದರು.

ಕೆನಡಾದ ಎಡ್ಮಂಟನ್‌ನಲ್ಲಿರುವ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಕಿ ಬರಾಕೋಸ್ ಮತ್ತು ಸಂಗಡಿಗರ ಉಪಾಯ ಇನ್ನೂ ಸರಳವಾದದ್ದು. ಗೆಡ್ಡೆಯನ್ನು ನೋಡಲು ಹೇಗೂ ತೆಗೆಯುವ ಸಿ.ಟಿ. ಸ್ಕ್ಯಾನಿನಲ್ಲಿ ಸೊಂಟದ ಮೂರನೆಯ ಕಶೇರುಕದ ಮಟ್ಟದ ಒಂದೇ ಅಡ್ಡಛೇದದಿಂದ ಇಡೀ ದೇಹದ ಸ್ನಾಯುವಿನ ಪ್ರಮಾಣವನ್ನು ಅಂದಾಜಿಸಬಹುದೆಂದು ಅವರು ಮನಗಾಣಿಸಿದರು. 2008ರಲ್ಲಿ 250 ಬೊಜ್ಜುಳ್ಳ ರೋಗಿಗಳನ್ನು ಹೀಗೆ ಅಳೆದಾಗ, ಅವರಲ್ಲಿ ಶೇ. 15ರಷ್ಟು ಮಂದಿಯ ಸ್ನಾಯು ಅಪಾಯಕಾರಿಯಾಗಿ ಕ್ಷೀಣಿಸಿದ್ದು ಕೊಬ್ಬಿನ ಮರೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂದು ತಿಳಿಯಿತು. 2013ರಲ್ಲಿ 1,473 ರೋಗಿಗಳ ಅಧ್ಯಯನದಲ್ಲಿ ತೂಕ ಇಳಿದು, ಸ್ನಾಯು ಕಡಿಮೆಯಾಗಿ, ಉಳಿದ ಸ್ನಾಯುವಿನ ಸಾಂದ್ರತೆಯೂ ತಗ್ಗಿದ್ದವರು ಮಧ್ಯಾಂಕದ ಲೆಕ್ಕದಲ್ಲಿ 8.4 ತಿಂಗಳು ಬದುಕಿದರೆ, ಈ ಮೂರೂ ಇಲ್ಲದವರು 28.4 ತಿಂಗಳು ಬದುಕಿದ್ದರು. ದಪ್ಪವೋ ಸಣಕಲೋ ಎಂಬ ಹೊರನೋಟ ಈ ಅಂತರವನ್ನು ಬದಲಿಸಲಿಲ್ಲ. ಸೊರಗಿದಂತೆ ಕಾಣದ ರೋಗಿಗೆ ಕ್ಯಾಕೆಕ್ಸಿಯ ಇಲ್ಲವೆಂಬ ಆಸ್ಪತ್ರೆಗಳ ನಂಬಿಕೆಯನ್ನು ಮುರಿಯಲು ಇಷ್ಟು ಸಾಕಾಗಬೇಕಿತ್ತು.

ಔಷಧಗಳ ವಿಷಯದಲ್ಲಿ ಅಳತೆಯ ಪಾಠ ಕಹಿಯಾಗಿಯೇ ಬಂದಿದೆ. ಮೆಜೆಸ್ಟ್ರಾಲ್ ಹಸಿವನ್ನೂ ತೂಕವನ್ನೂ ಹೆಚ್ಚಿಸಿತಾದರೂ ಏರಿದ್ದು ಮುಖ್ಯವಾಗಿ ಕೊಬ್ಬು, ಜೊತೆಗೆ ರಕ್ತ ಹೆಪ್ಪುಗಟ್ಟುವ ಅಪಾಯ. ಹಸಿವಿನ ಹಾರ್ಮೋನಾದ ಗ್ರೆಲಿನ್ನನ್ನು ಅನುಕರಿಸುವ ಅನಮೊರೆಲಿನ್ 2016ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಕೊಬ್ಬಿಲ್ಲದ ದೇಹಭಾಗವನ್ನು ಹೆಚ್ಚಿಸಿತು, ಕೈಹಿಡಿತದ ಬಲವನ್ನು ಹೆಚ್ಚಿಸಲಿಲ್ಲ. ಅದೇ ಔಷಧವನ್ನು ಯುರೋಪು 2017ರಲ್ಲಿ ತಿರಸ್ಕರಿಸಿತು, ಜಪಾನ್ 2021ರಲ್ಲಿ ಒಪ್ಪಿಕೊಂಡಿತು. ಜಿಡಿಎಫ್-15 ಕೂಡ ನಿನ್ನೆ ಮೊನ್ನೆಯದೇನಲ್ಲ. ಅದು ಇಲಿಗಳಲ್ಲಿ ಹಸಿವನ್ನು ಕುಗ್ಗಿಸುವುದನ್ನು ಸಿಡ್ನಿಯ ಸ್ಯಾಮುಯೆಲ್ ಬ್ರೈಟ್ ತಂಡ 2007ರಲ್ಲೇ ತೋರಿಸಿತ್ತು, ಮೆದುಳಿನ ಕಾಂಡದಲ್ಲಿ ಅದರ ಗ್ರಾಹಕ 2017ರಲ್ಲಿ ಪತ್ತೆಯಾಯಿತು. ಪಾನ್ಸೆಗ್ರೊಮ್ಯಾಬಿನ ಅತ್ಯಧಿಕ ಪ್ರಮಾಣ ಪಡೆದವರು ಹನ್ನೆರಡು ವಾರಗಳಲ್ಲಿ ಹುಸಿಮದ್ದು ಪಡೆದವರಿಗಿಂತ 2.81 ಕಿಲೊ ಹೆಚ್ಚು ತೂಗಿದರು. ಇದು ಗಣನೀಯ ಫಲವೇ. ಆದರೆ ಪ್ರಯೋಗದಲ್ಲಿದ್ದವರು 187 ಮಂದಿ, ಎಲ್ಲರೂ ರಕ್ತದಲ್ಲಿ ಆ ಪ್ರೋಟೀನು ಏರಿದ್ದವರು.

ಇಷ್ಟೇ ಗಮನ ಸಲ್ಲಬೇಕಾಗಿದ್ದ ಪ್ರಯೋಗವೊಂದು ಪುದುಚೇರಿಯ ಜಿಪ್ಮೆರ್‌ನಲ್ಲಿ ನಡೆದಿದೆ. ಮನೋರೋಗಕ್ಕೆ ಬಳಸುವ ಅಗ್ಗದ ಓಲಾಂಜಪಿನ್ ಮಾತ್ರೆಯನ್ನು ದಿನಕ್ಕೆ 2.5 ಮಿಲಿಗ್ರಾಂನಂತೆ ಕೊಟ್ಟ ಆ ಪ್ರಯೋಗದಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಏರಿದವರು ಶೇ. 60, ಹುಸಿಮದ್ದಿನ ಗುಂಪಿನಲ್ಲಿ ಶೇ. 9. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2023ರಲ್ಲೇ ಇದನ್ನು ತನ್ನ ಮಾರ್ಗಸೂಚಿಗೆ ಸೇರಿಸಿಕೊಂಡಿತು. ಪೇಟೆಂಟು ಮುಗಿದ ಮಾತ್ರೆಗೆ ಪ್ರಚಾರಕರು ಹುಟ್ಟಿಕೊಳ್ಳದಿರುವುದು ಅಚ್ಚರಿಯೇನಲ್ಲ.

ಉಳಿದಿರುವ ತೆರಪು ಭಾರತೀಯ ದೇಹದ್ದು. ಒಂದೇ ಬಿಎಂಐ ಇರುವ ಯುರೋಪಿಯನ್ನರಿಗಿಂತ ಭಾರತೀಯರಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದನ್ನು ಪುಣೆಯ ಸಿ. ಎಸ್. ಯಾಜ್ಞಿಕರ ಮಧುಮೇಹ ಸಂಶೋಧನೆ ಬಹಳ ಹಿಂದೆಯೇ ಮುಂದಿಟ್ಟಿದೆ. ಕೆನಡಾದ ರೋಗಿಗಳಿಂದ ಪಡೆದ ಸ್ನಾಯುವಿನ ಮಿತಿಯನ್ನು ಇಲ್ಲಿ ಹಾಗೆಯೇ ಹಚ್ಚಿದರೆ ತಪ್ಪಾಗುವುದು ಖಚಿತ. ಪಾನ್ಸೆಗ್ರೊಮ್ಯಾಬ್ ಪ್ರಯೋಗ ಶ್ವಾಸಕೋಶ, ಮೇದೋಜೀರಕ ಗ್ರಂಥಿ ಮತ್ತು ದೊಡ್ಡ ಕರುಳಿನ ಕ್ಯಾನ್ಸರುಗಳಿಗೆ ಸೀಮಿತವಾಗಿತ್ತು. ಈ ದೇಶದಲ್ಲಿ ಹೇರಳವಾಗಿರುವ ಬಾಯಿ, ಗಂಟಲಿನ ಕ್ಯಾನ್ಸರುಗಳಲ್ಲಿ ನುಂಗಲಾಗದ ಉಪವಾಸವೂ ಕ್ಯಾಕೆಕ್ಸಿಯವೂ ಬೆರೆತಿರುವುದರಿಂದ ಅವನ್ನು ಬಿಡಿಸಿ ನೋಡುವ ಅಧ್ಯಯನ ಇಲ್ಲಿಯೇ ಆಗಬೇಕು. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ರೋಗಿಗಳಿಗೆ ತೆಗೆಯುವ ಸ್ಕ್ಯಾನುಗಳಲ್ಲಿ ಬೇಕಾದ ಅಳತೆ ಅಡಗಿದೆ. ಪ್ರತಿ ಭೇಟಿಯಲ್ಲೂ ತೂಕ ಬರೆದಿಟ್ಟು, ಆ ಅಳತೆಗಳಿಂದ ಭಾರತೀಯ ಮಿತಿಗಳನ್ನು ನಿಗದಿಪಡಿಸುವ ಕೆಲಸವನ್ನು ದುಬಾರಿ ಪ್ರತಿಕಾಯಗಳು ಮಾರುಕಟ್ಟೆಗೆ ಬರುವ ಮೊದಲೇ ಕ್ಯಾನ್ಸರ್ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.